ಕೌಸಲ್ಯಾ ಹೂಂಗುಟ್ಟಲಿಲ್ಲ

ಪುಂಗೋಲ್, ಜನವರಿ ೧೮, ಭಾನುವಾರ

ಈ ಕಥೆಯನ್ನು ಮೊದಲು ಹೇಳಿದವನು ಪಕ್ಕದ ಬ್ಲಾಕಿನ ಉಪೇಂದ್ರ, ನಿನ್ನೆ ಸಂಜೆ ನಮ್ಮ ಮನೆಯಲ್ಲಿ ಕಾಫಿ ಕುಡಿಯುತ್ತ. ಮುಂದಿನ ತಿಂಗಳು ನಾವು ಹೋಗಲಿರುವ ಕೆರಿಬಿಯನ್ ಕ್ರೂಸಿಗೆ ಅವನು ಹೋದ ವರ್ಷ ಹೆಂಡತಿಯೊಂದಿಗೆ ಹೋಗಿಬಂದಿದ್ದಾನೆ. ಹಡಗು ದಾರಿಯಲ್ಲಿ ನಿಲ್ಲುವ ದ್ವೀಪದಲ್ಲಿ ಇಳಿದು ಏನು ನೋಡುವುದೆಂದು ಮಗಳು ಆಶ್ರಿತಾ ಕೇಳಿದಳು.

"ಹಡಗಿನವರ ಟೂರ್ ಬೇಡ. ಹೊರಗಡೆ ಟ್ಯಾಕ್ಸಿ ಹಿಡಿದು ಜಲಪಾತಕ್ಕೆ ಹೋಗಿ. ನಾವು ಲೇಟಾದಾಗ ಕ್ಯಾಪ್ಟನ್ನೇ ವೇಟ್ ಮಾಡಿದ್ದ, ಅಂಕಲ್."

ನನಗೆ ಅನುಮಾನ. ನಮ್ಮೂರಲ್ಲಿ ಕಥೆ ಹೇಳುವಾಗ ಒಬ್ಬರು ಹೂಂಗುಟ್ಟಲೇಬೇಕು. ಪಕ್ಕದಲ್ಲೇ ಕೂತು ಜಲಪಾತದವರೆಗೂ ಹೂಂ ಅನ್ನುತ್ತಿದ್ದ ಅವನ ಹೆಂಡತಿ ಕೌಸಲ್ಯಾ, ಕಥೆಯಲ್ಲಿ ಕ್ಯಾಪ್ಟನ್ ಬಂದ ಕೂಡಲೇ ಲೋಟದೊಳಗೆ ನೋಡತೊಡಗಿದಳು. ಇಬ್ಬರಿಗಾಗಿ ಅಷ್ಟು ದೊಡ್ಡ ಹಡಗು ಕಾಯುತ್ತದೆಯೇ? ನಮ್ಮೂರ ಬಸ್ಸೇ ಕಾಯುತ್ತಿರಲಿಲ್ಲ. ಹಡಗು ತಪ್ಪಿದರೆ ಆ ದ್ವೀಪದಲ್ಲಿ ನಮಗೆ ಯಾರಿದ್ದಾರೆ?

ಇವತ್ತು ಬೆಳಿಗ್ಗೆ ಆಶ್ರಿತಾ ಟ್ಯಾಕ್ಸಿ ಬುಕ್ ಮಾಡಲು ಕೂತಾಗ, ಕೌಸಲ್ಯಾ ನಿನ್ನೆ ತಿಂಡಿ ಹಾಕಿಕೊಟ್ಟಿದ್ದ ನಮ್ಮ ಡಬ್ಬಿ ಹಿಂದಿರುಗಿಸಲು ಬಂದಳು.

"ಹಡಗಿನವರ ಟೂರೇ ತಗೊಳ್ಳೇ. ಅವರ ಟೂರಿಗೆ ಹೋದವರು ಲೇಟಾದ್ರೆ ಮಾತ್ರ ಹಡಗು ಕಾಯುತ್ತೆ. ನಮ್ಮ ಕಣ್ಣೆದುರೇ ಹಡಗು ಹೊರಟುಹೋಯ್ತು. ಆಮೇಲೆ ಫ್ಲೈಟಲ್ಲಿ ಮುಂದಿನ ದ್ವೀಪಕ್ಕೆ ಹೋಗಿ ಹಿಡಿದ್ವಿ. ನಾನು ಹೇಳ್ದೆ ಅಂತ ನಮ್ಮ ಮನೆಯವರಿಗೆ ಗೊತ್ತಾಗ್ಬಾರ್ದು."

ಆಶ್ರಿತಾ ಟ್ಯಾಕ್ಸಿ ಬಿಟ್ಟು ಹಡಗಿನ ಟೂರನ್ನೇ ಬುಕ್ ಮಾಡಿದಳು. ನಾನು ಕೌಸಲ್ಯಾಳನ್ನು ಕೂರಿಸಿಕೊಂಡು, ಅವಳ ಕಥೆ ಮುಗಿಯುವವರೆಗೂ ಹೂಂಗುಟ್ಟಿದೆ.