ಅಮ್ಮ ಇಳಿಯಬೇಕಾದ ಮನೆ

ಶಿಕಾರಿಪುರ, ಫೆಬ್ರವರಿ ೧೯೫೮

ಮೈ ಡಿಯರ್ ನಜೀರ,

ನಿನ್ನಮ್ಮ ಹಾಜಿರಮ್ಮನನ್ನು ಕಣ್ಣಿನ ಆಪರೇಷನ್ನಿಗೆ ಇಲ್ಲಿಗೆ ಕರೆತಂದು ಛತ್ರದಲ್ಲಿ ಇಳಿಸುತ್ತೇನೆ ಎಂದು ಬರೆದಿದ್ದೀಯಲ್ಲ, ನಾನ್‌ಸೆನ್ಸ್! ನಮ್ಮ ಮನೆಗೇನಾಗಿದೆ? ಆನವಟ್ಟಿಯಲ್ಲಿ ನನ್ನವ್ವ ಗದ್ದೆಗೆ ಹೋದಾಗಲೆಲ್ಲ ನನ್ನನ್ನು ನಿನ್ನಮ್ಮನ ಹತ್ತಿರವೇ ಬಿಡುತ್ತಿದ್ದಳು. ನಾನು ನಿಮ್ಮ ಮಾಂಸದ ಗಡಿಗೆಗೆ ಕೈ ಹಾಕಿದರೆ ಆಕೆ, "ಬ್ಯಾಡ ಮಗಾ, ನಿಮ್ಮವ್ವ ನನ್ನ ನಂಬಿ ಬಿಟ್ಟು ಹೋಗ್ಯಾಳೆ" ಎಂದು ಅವಲಕ್ಕಿ, ಬೆಲ್ಲ ಕೊಡುತ್ತಿದ್ದಳು. ನೀನೂ ನಿನ್ನ ತಟ್ಟೆ ಬಿಟ್ಟು ಬಂದು ಅದನ್ನೇ ತಿನ್ನುತ್ತಿದ್ದೆ. ಇದಕ್ಕೆಲ್ಲ ಗ್ರ್ಯಾಟಿಟ್ಯೂಡ್ ಎಂಬ ಕಾಲೇಜಿನ ಮಾತು ಸಾಲದು ಕಣೋ.

ಓಣಿಯವರು ಏನನ್ನುವರೋ ಎಂದು ಅಮ್ಮ ಹಿಂಜರಿಯುವುದು ಬೇಡ. ನನ್ನಾಕೆ ತೀರಿಹೋದ ಮೇಲೆ ನಡುಮನೆ ಖಾಲಿಯೇ ಇದೆ. ಅಮ್ಮನಿಗೆ ಬೇಕಾದ್ದನ್ನು ನಮ್ಮ ಒಲೆಯಲ್ಲೇ ಬೇಯಿಸು. ಸೋಮವಾರ ಬಸ್ಸಿಗೆ ಕಾಯುತ್ತೇನೆ. ನೀನು ಗಂಟು ಹಿಡಿ, ಅಮ್ಮನ ಕೈ ನಾನು ಹಿಡಿಯುತ್ತೇನೆ.

ಯುವರ್ಸ್ ಸಿನ್ಸಿಯರ್ಲಿಯೋ ಫೇತ್‌ಫುಲಿಯೋ, ಯಾವುದೋ ಒಂದು,
ಚನ್ನವೀರ