ಪಂಕ್ತಿತೆರೆ

ಹುಬ್ಬಳ್ಳಿ, ಫೆಬ್ರವರಿ ಮೂವತ್ತು, ಇಸವಿ ಎರಡು ಸಾವಿರದ ನೂರಾ ಎಂಬತ್ತೇಳು

ಟಿ.ವಿ. ಅಂಗಡಿಯಲ್ಲಿ ನಿಂತು ಯೋಚಿಸುತ್ತಿರುವ ಹಿರಿಯರಿಗೆ ದ್ರಾಕ್ಷಾಯಣಿ ಅಬ್ಬಿಗೇರಿಯ ಶರಣು.

ಮೇಲಿನ ತಾರೀಖು ನೋಡಿ ಕೈತಪ್ಪೆಂದು ತಿಳಿಯಬೇಡಿ. ನಮ್ಮ ಕಾಲದಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ದಿನಗಳನ್ನು ವರ್ಷದ ಕೊನೆಗೆ ಗುಡ್ಡೆ ಹಾಕಿ ರಜೆ ಎಂದು ಕೊಡುತ್ತಾರೆ. ಅವೆಲ್ಲ ಪೂರ್ತಿಯಾಗಿ ನಮ್ಮ ಕೈ ಸೇರುತ್ತವೆಂದು ನನಗಂತೂ ನಂಬಿಕೆಯಿಲ್ಲ. ನಿಮಗೆ ಗೊತ್ತಿಲ್ಲದ ಪದಗಳು ಈ ಪತ್ರದಲ್ಲಿ ಬಂದರೆ ಕ್ಷಮಿಸಬೇಕು, ಆದಷ್ಟು ಬಿಡಿಸಿ ಹೇಳುತ್ತೇನೆ. ಇದು ನಿಮಗೆ ಹಿಂದಂಚೆಯಲ್ಲಿ ಬರುತ್ತಿದೆ. ಹಿಂದಂಚೆ ಎಂದರೆ ಕಳೆದುಹೋದ ಕಾಲಕ್ಕೆ ಕಾಗದ ಒಯ್ಯುವ ಅಂಚೆ. ಖಂಡಿತ ತಲುಪುತ್ತದೆ ಎಂದು ಅಲ್ಲಿನ ಗುಮಾಸ್ತ ಹೇಳುತ್ತಾನೆ, ಆದರೆ ತಲುಪಿತೆಂದು ಇದುವರೆಗೆ ಯಾರೂ ಮರಳಿ ಬರೆದಿಲ್ಲ. ಕಳೆದ ಸಲ ಅವನು ನನ್ನ ಲಕೋಟೆಯನ್ನು ಬೆಳಕಿಗೆ ಹಿಡಿದು ನೋಡಿದ ರೀತಿಯೂ ನನಗೆ ಸರಿಬರಲಿಲ್ಲ.

ನಿಮ್ಮ ಅಂಗಡಿಗಳ ಬಗ್ಗೆ ನಾನು ಓದಿ ತಿಳಿದಿದ್ದೇನೆ. ಎಲ್‌ಸಿಡಿ ಎಂದರು, ಆಮೇಲೆ ಎಲ್‌ಇಡಿ ಎಂದರು, ಅದರ ಮುಂದೆ ಒಮ್ಮೆ ಓ ಅಂಟಿಸಿದರು, ಒಮ್ಮೆ ಕ್ಯೂ ಅಂಟಿಸಿದರು. ಅಕ್ಷರ ಏರಿದಂತೆ ಬೆಲೆಯೂ ಏರಿತು. ಇಂದು ಕೊಂಡರೆ ನಾಳೆ ಹಳತಾಗುತ್ತದೆ, ನಾಳೆಗೆ ಕಾದರೆ ಕೈಯಲ್ಲಿದ್ದ ಹಣ ಬೇರೆ ಖರ್ಚಿಗೆ ಹೋಗುತ್ತದೆ. ನಿಮ್ಮ ಆ ಪೇಚಾಟ ನನಗೆ ಚೆನ್ನಾಗಿ ಅರ್ಥವಾಗುತ್ತದೆ, ಏಕೆಂದರೆ ನಾನೂ ಈಚೆಗೆ ಒಂದು ತೆರೆ ಕೊಂಡೆ. ನೀವು ಟಿ.ವಿ. ಎನ್ನುವುದಕ್ಕೆ ನಾವು ತೆರೆ ಎನ್ನುತ್ತೇವೆ.

ನಮ್ಮ ಮನೆಯಲ್ಲಿ ಇರುವವರು ಇಬ್ಬರೇ, ನಾನು ಮತ್ತು ನಮ್ಮ ಅತ್ತೆ ಶಿವಗಂಗವ್ವ. ಮನೆಯವರು ಕಾರವಾರದ ಬಂದರಿನಲ್ಲಿ ಕೆಲಸದಲ್ಲಿದ್ದು ಹಬ್ಬಕ್ಕೆ ಬಂದು ಹೋಗುತ್ತಾರೆ. ಅತ್ತೆಗೂ ನನಗೂ ಯಾವುದರಲ್ಲೂ ಹೊಂದಿಕೆಯಿಲ್ಲ. ರೊಟ್ಟಿ ತೆಳ್ಳಗಾದರೆ ಅವರಿಗಾಗದು, ದಪ್ಪಗಾದರೆ ನನಗಾಗದು. ನಾನು ತೆರೆದ ಕಿಟಕಿಯನ್ನು ಅವರು ಮುಚ್ಚುತ್ತಾರೆ. ಹೀಗಿದ್ದರೂ ಸಂಜೆ ದೀಪ ಹಚ್ಚಿದ ಮೇಲೆ ಇಬ್ಬರೂ ಒಂದೇ ಸೋಫಾದ ಮೇಲೆ ಕೂತು ಧಾರಾವಾಹಿ ನೋಡುತ್ತಿದ್ದೆವು. ಅದರಲ್ಲಿ ಓರಗಿತ್ತಿಯ ಒಡವೆ ನುಂಗಿ ನೀರು ಕುಡಿದ ಕನಕಾಂಬರಿ ಎಂಬ ಹೆಂಗಸಿದ್ದಾಳೆ. ಅವಳನ್ನು ಬೈಯುವಾಗ ಮಾತ್ರ ನಾವು ಅತ್ತೆ ಸೊಸೆ ಒಂದೇ ಪಕ್ಷ. ನಾನು ಒಂದು ಮಾತು ಬೈದರೆ ಅತ್ತೆ ಮೊದಲು ನನ್ನ ಬೈಗುಳದಲ್ಲಿ ತಪ್ಪು ಹುಡುಕುವರು, ಆಮೇಲೆ ಅದಕ್ಕಿಂತ ಖಾರವಾಗಿ ತಾವು ಬೈಯುವರು. ಆ ಹೊತ್ತೊಂದು ಇಲ್ಲದಿದ್ದರೆ ನಾವಿಬ್ಬರೂ ಒಂದು ಸೂರಿನಡಿ ಹೇಗೆ ಬಾಳುತ್ತಿದ್ದೆವೋ ನನಗೆ ತಿಳಿಯದು. ಹಳೆಯ ತೆರೆ ಹೊಗೆಯಾಡಿ ಸತ್ತ ದಿನ ನನಗೆ ನಿಜವಾಗಿ ಹೆದರಿಕೆಯಾಯಿತು. ಚಿತ್ರ ಹೋದರೆ ಹೋಗಲಿ, ಕೂಡಿ ಬೈಯುವ ಆ ಹೊತ್ತು ಹೋಗಬಾರದಿತ್ತು.

ಕೈಯಲ್ಲಿದ್ದದ್ದು ಗೋಡೆಗೆ ಬಣ್ಣ ಹೊಡೆಸಲು ತೆಗೆದಿಟ್ಟ ಹಣವಷ್ಟೇ. ಹಾಗಾದರೆ ಬಳಿತೆರೆ ಹಾಕಿಸು, ಬಣ್ಣವೂ ಆಯಿತು ಚಿತ್ರವೂ ಆಯಿತು ಎಂದು ಪಕ್ಕದ ಮನೆಯವರು ಹೇಳಿದರು. ಬಳಿತೆರೆ ಎಂದರೆ ಸುಣ್ಣದಂತೆ ಕುಂಚದಲ್ಲಿ ಬಳಿಯುವ ತೆರೆ. ಹೋಗಿ ನೋಡಿದರೆ ಅವರ ಗೋಡೆಗೆ ತೇವ ಹಿಡಿದು, ವಾರ್ತೆ ಓದುವವನ ಅರ್ಧ ಮುಖ ಹಕ್ಕಳೆ ಎದ್ದಿತ್ತು. ಮಂಜುತೆರೆಯನ್ನೂ ವಿಚಾರಿಸಿದೆ. ಕೋಣೆಯ ನಡುವೆ ತೆಳ್ಳಗೆ ಹಬೆ ಬಿಟ್ಟು ಅದರ ಮೇಲೆ ಚಿತ್ರ ಮೂಡಿಸುವ ಯಂತ್ರ ಅದು. ಚಂದವೇನೋ ಹೌದು, ಆದರೆ ಮನೆಯಲ್ಲಿರುವ ಹಪ್ಪಳವೆಲ್ಲ ಮೆತ್ತಗಾಗುತ್ತದೆ. ಅಂಗಡಿಯ ಮೂಲೆಯಲ್ಲಿ ಹಳೇ ನಮೂನೆಯ ಪಂಕ್ತಿತೆರೆಯೂ ಇತ್ತು. ಪಂಕ್ತಿಯಲ್ಲಿ ಕೂತವರಿಗೆಲ್ಲ ಒಂದೇ ಅಡುಗೆ ಬಡಿಸುವಂತೆ ಎದುರು ಕೂತವರಿಗೆಲ್ಲ ಒಂದೇ ಚಿತ್ರ ತೋರಿಸುವುದರಿಂದ ಅದಕ್ಕೆ ಆ ಹೆಸರು. ನಿಮ್ಮ ಕಾಲದ ಟಿ.ವಿ.ಗಳೆಲ್ಲ ಪಂಕ್ತಿತೆರೆಗಳೇ. ಈಗ ಅವನ್ನು ಮಾಡುವವರು ಕಡಿಮೆಯಾಗಿ ಬೆಲೆ ಗಗನಕ್ಕೇರಿದೆ. ಅಗ್ಗಕ್ಕೆ ಸಿಗುವುದು ತಲಾತೆರೆ. ಅದು ಕೂತವರ ಕಣ್ಣಿನ ಗುರುತು ಹಿಡಿದು, ಅವರವರ ಮನಸ್ಸಿಗೆ ಒಪ್ಪುವ ಚಿತ್ರವನ್ನು ಅವರವರ ಕಣ್ಣಿಗೆ, ಅವರವರ ಮಾತನ್ನು ಅವರವರ ಕಿವಿಗೆ ಕಳಿಸುತ್ತದೆ. ಊಟದ ಸಾಲಿನಲ್ಲಿ ಒಬ್ಬರಿಗೆ ಹೋಳಿಗೆ, ಪಕ್ಕದವರಿಗೆ ಬರೀ ಅನ್ನ ಬಡಿಸಿದರೆ ಪಂಕ್ತಿಭೇದವೆಂದು ಜಗಳವಾಗುತ್ತದೆ. ತೆರೆ ಅದನ್ನೇ ಮಾಡಿದರೆ ಸೌಕರ್ಯ ಎನ್ನುತ್ತಾರೆ. ಅಂಗಡಿಯ ಪ್ರಲ್ಹಾದ ಕಾಟವೆ, ತಲಾತೆರೆಯಲ್ಲಿ ಒಮ್ಮತದ ಗುಂಡಿಯೂ ಇದೆ, ಒತ್ತಿದರೆ ಇಬ್ಬರಿಗೂ ಒಂದೇ ಚಿತ್ರ ಬರುತ್ತದೆ ಎಂದು ಹೇಳಿದ. ಮಾರುವವನ ಬಾಯಲ್ಲಿ ಒಮ್ಮತ ಎಂಬ ಮಾತು ಕೇಳಿದಾಗಲೇ ನನ್ನ ಹುಬ್ಬು ಮೇಲೇರಿತ್ತು. ಆದರೂ ಇದ್ದ ಹಣಕ್ಕೆ ಅದೇ ಗತಿಯೆಂದು ತಲಾತೆರೆಯನ್ನೇ ತರಲು ಹೇಳಿದೆ.

ನಮ್ಮಲ್ಲಿ ತೆರೆ ಕೊಳ್ಳುವ ಮುಂಚೆ ಮನೆ ತೋರಿಸುವ ಪದ್ಧತಿಯಿದೆ. ನಿಮ್ಮ ಕಾಲದಲ್ಲಿ ಕನ್ಯೆ ನೋಡಲು ಬರುತ್ತಿದ್ದರಂತಲ್ಲ, ಹಾಗೆ. ಅಂಗಡಿಯವನು ತೆರೆ ತಂದು ನಿಲ್ಲಿಸುತ್ತಾನೆ, ಅವನಿಗೆ ಅವಲಕ್ಕಿ ಚಹಾ ಕೊಡಬೇಕು, ಅಷ್ಟರಲ್ಲಿ ತೆರೆ ಸುತ್ತಲೂ ಕಣ್ಣಾಡಿಸಿ ಮನೆಯವರ ಅಂತಸ್ತು ಅಳೆದು ತನ್ನ ಬೆಲೆ ತಾನೇ ಹೇಳುತ್ತದೆ. ವಾರದ ಮಟ್ಟಿಗೆ ಇಟ್ಟುಕೊಂಡು, ಒಪ್ಪಿಗೆಯಾದರೆ ಹಣ ಕೊಡಬೇಕು. ನಾವು ನೋಡಬೇಕಾದ ವಸ್ತು ನಮ್ಮನ್ನೇ ನೋಡಿ ಬೆಲೆ ಕಟ್ಟುವುದು ಯಾವ ನ್ಯಾಯ? ನಾನೂ ಬಿಡಲಿಲ್ಲ. ಅದು ಬರುವ ಮುಂಚೆ ಹಿತ್ತಾಳೆ ಸಾಮಾನನ್ನೆಲ್ಲ ಅಟ್ಟಕ್ಕೆ ಹಾಕಿದೆ, ಸೋಫಾವನ್ನು ಪಕ್ಕದ ಮನೆಗೆ ಸಾಗಿಸಿದೆ, ಎರಡು ಮುರುಕು ಕುರ್ಚಿಗಳನ್ನು ಆ ಮೂಲೆಗೊಂದು ಈ ಮೂಲೆಗೊಂದು ಇಟ್ಟೆ. ಅತ್ತೆಗೆ ಹರಕು ಸೀರೆ ಉಟ್ಟುಕೊಳ್ಳಲು ಹೇಳಿದೆ. ಅವರು ಒಪ್ಪಲಿಲ್ಲ. "ಬಡವರಂಗ ಕಾಣಬೇಕಂದ್ರ ನಿನ್ನ ರೊಟ್ಟಿ ತೋರಸು, ಸಾಕು" ಎಂದರು. ತೆರೆ ಹೇಳಿದ ಬೆಲೆ ನಮ್ಮ ಹಣಕ್ಕೆ ಅಚ್ಚುಕಟ್ಟಾಗಿ ಸರಿಹೋಯಿತು. ಅಷ್ಟು ಅಚ್ಚುಕಟ್ಟಾಗಿ ಸರಿಹೋದದ್ದೂ ನನಗೆ ಹಿಡಿಸಲಿಲ್ಲ.

ಕಾಟವೆ ಒಮ್ಮತದ ಗುಂಡಿ ಒತ್ತಿ ಹೋದ. ಸಂಜೆ ಕನಕಾಂಬರಿ ಬಂದಳು, ಮೂಗುತಿಯ ಹರಳು ಎಣಿಸುವಷ್ಟು ಸ್ಪಷ್ಟವಾಗಿ. ನಾನು ಎಂದಿನಂತೆ ಬೈದೆ. ಅತ್ತೆ ತಟ್ಟನೆ "ಹೌದು ನೋಡವಾ, ಖರೇ" ಎಂದರು. ಮರುದಿನವೂ ಹೌದು, ಅದರ ಮರುದಿನವೂ ಹೌದು. ಬೇರೆ ಸೊಸೆಯಾಗಿದ್ದರೆ ಹಿಗ್ಗುತ್ತಿದ್ದಳು. ನನಗೆ ಅನುಮಾನ ಶುರುವಾಯಿತು. ನಾನು ಈ ಮನೆಗೆ ಕಾಲಿಟ್ಟಾಗಿನಿಂದ ಅತ್ತೆ ನನ್ನ ಒಂದು ಮಾತನ್ನೂ ತಕರಾರಿಲ್ಲದೆ ಒಪ್ಪಿದವರಲ್ಲ. ಪರೀಕ್ಷೆ ಮಾಡೋಣವೆಂದು, ಕನಕಾಂಬರಿ ಹಸಿರು ಸೀರೆ ಉಟ್ಟು ಬಂದಾಗ ಈ ಕೆಂಪು ಸೀರೆ ಅವಳಿಗೆ ಒಪ್ಪುವುದಿಲ್ಲ ಎಂದೆ. "ಎಲ್ಲಿ ಒಪ್ತದ, ಕಣ್ಣಿಗೆ ಹೊಡ್ಯೂ ಹಂಗ ಕೆಂಪದ" ಎಂದರು ಅತ್ತೆ. ಅವರು ನೀರು ಕುಡಿಯಲು ಎದ್ದು ಹೋದಾಗ ಅವರ ಕುರ್ಚಿಯಲ್ಲಿ ಕೂತು ನೋಡಿದೆ. ಆ ಹಾಳು ತೆರೆ ನನ್ನ ಗುರುತು ಹಿಡಿದು ಅಲ್ಲಿಯೂ ಹಸಿರು ಸೀರೆಯನ್ನೇ ತೋರಿಸಿತು. ಇನ್ನೊಬ್ಬರ ಜಾಗದಲ್ಲಿ ಕೂತರೂ ಅವರು ಕಂಡದ್ದು ನಮಗೆ ಕಾಣದ ಹಾಗೆ ಮಾಡಿಟ್ಟಿದ್ದಾರೆ. ಕಾಟವೆಯನ್ನು ಕರೆಸಿದೆ. "ಅಕ್ಕಾರ, ಕುರ್ಚಿ ದೂರ ಇದ್ರ ಒಮ್ಮತ ತಾನ ಬಂದ್ ಆಗ್ತದ್ರಿ. ಇವರು ಕೂಡಿ ನೋಡೋ ಮಂದಿ ಅಲ್ಲಂತ ತಿಳಕೊಂತದ" ಎಂದ. ಸೋಫಾ ಸಾಗಿಸಿದ್ದು ನನ್ನದೇ ತಪ್ಪು ಎಂಬಂತಿತ್ತು ಅವನ ಮುಖ. ಆ ಮಾತನ್ನು ನಾನು ಇಂದಿಗೂ ನಂಬಿಲ್ಲ.

ಕೊನೆಗೆ ತೆರೆ ಬಂದ್ ಮಾಡಿ, ಕುರ್ಚಿ ಎಳೆದುಕೊಂಡು ಎದುರು ಕೂತು ಅತ್ತೆಯನ್ನೇ ಕೇಳಿದೆ, ನಿಮಗೆ ಅದರಲ್ಲಿ ಏನು ಕಾಣುತ್ತದೆ ಎಂದು. ಅವರು ಸೆರಗು ಸರಿಮಾಡಿಕೊಂಡು, ಕಳ್ಳತನ ಸಿಕ್ಕಿಬಿದ್ದವರಂತೆ ಸಣ್ಣ ದನಿಯಲ್ಲಿ "ಕುಸ್ತಿ" ಎಂದರು. ಮೊದಲ ಸಂಜೆಯಿಂದಲೂ ಅವರಿಗೆ ಕಂಡದ್ದು ಗರಡಿಯ ಕೆಂಪು ಮಣ್ಣಿನ ಮಟ್ಟಿಯಲ್ಲಿ ಹೊರಳಾಡುವ ಪೈಲ್ವಾನರು. ಹುಡುಗಿಯಾಗಿದ್ದಾಗ ಗರಡಿಮನೆಯ ಕಿಟಕಿಗೆ ಜೋತುಬಿದ್ದು ನೋಡುತ್ತಿದ್ದರಂತೆ, ಆ ಹುಚ್ಚು ಇನ್ನೂ ಇಳಿದಿಲ್ಲ. ಮೊನ್ನೆ ಬಂದ ಯಂತ್ರಕ್ಕೆ ತಿಳಿದದ್ದು, ಇಷ್ಟು ವರ್ಷ ಪಕ್ಕದಲ್ಲಿ ಕೂತ ನನಗೆ ತಿಳಿದಿರಲಿಲ್ಲ. ಹಾಗಾದರೆ ನನ್ನ ಮಾತಿಗೆಲ್ಲ ಹೌದು ಎಂದದ್ದೇಕೆ ಎಂದು ಕೇಳಿದೆ. "ಇಲ್ಲಂದ್ರ ನೀ ಸುಮ್ಮನಾಗಿಬಿಡ್ತಿದ್ದಿ. ಹಳೇದರಾಗೂ ನನಗ ಆ ಕನಕಾಂಬರಿ ಸೇರ್ತಿರಲಿಲ್ಲವಾ. ನೀ ಬೈಯೋದು ಕೇಳಾಕ ಕೂಡ್ತಿದ್ದೆ" ಎಂದರು. ನನಗೆ ಅಳು ಬಂತು. ಜೊತೆಗೆ ಅವರ ಮೇಲೆ ಸಿಟ್ಟೂ ಬಂತು, ಇಷ್ಟು ದಿನ ಹೇಳದೆ ಇದ್ದದ್ದಕ್ಕೆ. ಕೇಳದೆ ಇದ್ದವಳು ನಾನೂ ಹೌದು.

ತಲಾತೆರೆಯನ್ನು ಮರಳಿ ಕಳಿಸಿದೆವು. ನಮ್ಮ ಹಣಕ್ಕೆ ಬಂದ ಪಂಕ್ತಿತೆರೆ ಊಟದ ಹರಿವಾಣದಷ್ಟು ಅಗಲವಿದೆ, ಬಣ್ಣ ಸ್ವಲ್ಪ ಮಂಕು. ತೋಳಿಗೆ ತೋಳು ತಾಗಿಸಿಕೊಂಡು ಕೂರದಿದ್ದರೆ ಏನೂ ಕಾಣುವುದಿಲ್ಲ. ಒಂದು ದಿನ ಧಾರಾವಾಹಿ, ಒಂದು ದಿನ ಕುಸ್ತಿ. ನಿನ್ನೆ ಒಬ್ಬ ಪೈಲ್ವಾನನ ಪಟ್ಟು ಚೆನ್ನಾಗಿದೆ ಎಂದೆ. "ಬಿದ್ದವನ್ನ ಹೊಗಳ್ತಿಯಲ್ಲ, ಕಣ್ಣಾಗ ಏನ್ ಹಾಕ್ಕೊಂಡಿ" ಎಂದು ಅತ್ತೆ ಚೆನ್ನಾಗಿ ಬೈದರು. ನನಗೆ ಎಷ್ಟೋ ದಿನಗಳ ಮೇಲೆ ಜೀವ ಹಗುರಾಯಿತು.

ಹಿರಿಯರೇ, ನಿಮ್ಮ ಅಂಗಡಿಯಲ್ಲಿ ರಾಶಿ ಬಿದ್ದಿರುವ ತೆರೆಗಳ ಪೈಕಿ ಯಾವುದು ಒಳ್ಳೆಯದೆಂದು ನಾನು ಹೇಳಲಾರೆ. ಅಕ್ಷರಗಳನ್ನು ನಂಬಬೇಡಿ, ಹೊಳಪನ್ನು ನಂಬಬೇಡಿ, ನಿಮ್ಮ ಮನಸ್ಸು ನನಗೆ ಗೊತ್ತು ಎನ್ನುವ ಯಂತ್ರವನ್ನಂತೂ ಹೊಸ್ತಿಲು ದಾಟಿಸಬೇಡಿ. ನನ್ನ ಕೋರಿಕೆ ಒಂದೇ. ಕೈಗೆಟಕುವ ಬೆಲೆಯಲ್ಲಿ ಯಾವುದನ್ನಾದರೂ ತಂದು ಗೋಡೆಗೆ ಹಾಕಿ. ಆಮೇಲೆ ಪಕ್ಕದಲ್ಲಿ ಕೂತವರನ್ನು ಕೇಳಿ, ಇದು ನಿಮಗೆ ನಿಜವಾಗಿ ಇಷ್ಟವೇ ಎಂದು. ಅವರು ತಟ್ಟನೆ ಹೌದು ಎಂದರೆ, ಇನ್ನೊಮ್ಮೆ ಕೇಳಿ.