ಸೂಜಿ ನಿಲ್ಲುವ ನೆಲ

ಮಾರ್ಚ್ 3, ಬೆಳಿಗ್ಗೆ

ಇವತ್ತೂ ರೆಕಾರ್ಡ್ ಪ್ಲೇಯರ್ ಹೊತ್ತುಕೊಂಡು ಹೊರಟೆ. ಸೂಟ್‌ಕೇಸಿನಂಥ ಹಳೆಯ ಪ್ಲೇಯರ್, ಬ್ಯಾಟರಿಯದು. ಜೊತೆಗೆ ಒಂದೇ ರೆಕಾರ್ಡ್ — ಕೊಳಲಿನದು, ತೀರಾ ಮೆಲ್ಲಗಿನದು. ಅಂಗಡಿಗೆ ಜಾಗ ನೋಡುವವರು ಬಾಡಿಗೆ ಕೇಳುತ್ತಾರೆ, ನೀರು ಬರುತ್ತದಾ ಎಂದು ಕೇಳುತ್ತಾರೆ. ನಾನು ಪ್ಲೇಯರನ್ನು ನೆಲದ ಮೇಲಿಟ್ಟು, ಸೂಜಿ ಅಲುಗದೆ ನಿಲ್ಲುತ್ತದಾ ಎಂದು ಕೇಳುತ್ತ ಕೂತುಬಿಡುತ್ತೇನೆ. ಬ್ರೋಕರ್ ನನ್ನನ್ನು ಹುಚ್ಚಿ ಅಂದುಕೊಂಡಿದ್ದಾನೆ. ಅಂದುಕೊಳ್ಳಲಿ.

ನಮ್ಮ ರೆಕಾರ್ಡ್ ಅಂಗಡಿ ಇರುವ ಈಗಿನ ಕಟ್ಟಡ ಒಡೆಯುತ್ತಾರೆ. ತಿಂಗಳ ಕೊನೆಗೆ ಖಾಲಿ ಮಾಡಬೇಕು. ಅಷ್ಟರಲ್ಲಿ ಜಾಗ ಸಿಗದಿದ್ದರೆ ಇರುವ ರೆಕಾರ್ಡೆಲ್ಲ ಒಬ್ಬ ಹೋಲ್‌ಸೇಲ್‌ನವನ ಪಾಲು. ತಮ್ಮ ಆಗಲೇ ಮಾತಾಡಿಟ್ಟಿದ್ದಾನೆ. ಅಂಗಡಿ ಶುರು ಮಾಡಿದ್ದು ಅಪ್ಪ, ಈಗ ನಡೆಸುವುದು ನಾವಿಬ್ಬರು. ಅಪ್ಪ ದಿನವೂ ಬಂದು ಕೌಂಟರಿನ ಪಕ್ಕದ ಕುರ್ಚಿಯಲ್ಲಿ ಕೂರುತ್ತಾರೆ. ಬಂದವರಿಗೆಲ್ಲ ಒಂದೇ ಮಾತು: "ಪೂರ್ತಿ ಕೇಳಿ, ಆಮೇಲೆ ತಗೊಳ್ಳಿ." ಆ ಕುರ್ಚಿ ಹೋದರೆ ಅಪ್ಪ ಎಲ್ಲಿ ಕೂರಬೇಕು? ಮಾರಲು ಬಿಡುವುದಿಲ್ಲ. ಬಿಡುವುದಿಲ್ಲ ಎಂದರೆ ಬಿಡುವುದಿಲ್ಲ.

ಮಾರ್ಚ್ 6

ಬ್ರೋಕರಿಗೆ ನಾನಿಟ್ಟ ಹೆಸರು 'ಪರವಾಗಿಲ್ಲ'. ಗೋಡೆಯ ತೇವ ತೋರಿಸಿದರೆ, "ಪರವಾಗಿಲ್ಲ ಮೇಡಂ, ಪೇಂಟ್ ಹೊಡೆದ್ರೆ ಆಯ್ತು." ಕಾಲ ಸಂದಿಯಲ್ಲೇ ಹೆಗ್ಗಣ ಓಡಿತು. "ಪರವಾಗಿಲ್ಲ ಮೇಡಂ, ಅದು ಪಕ್ಕದ ಅಂಗಡೀದು."

ಮಧ್ಯಾಹ್ನ ನೋಡಿದ್ದು ಮಾತ್ರ ಚೆನ್ನಾಗಿತ್ತು. ದಪ್ಪ ಗೋಡೆ, ಹದವಾದ ಬೆಳಕು. ಕೊಳಲು ಎಲ್ಲೂ ತಡವರಿಸಲಿಲ್ಲ. ಕುಣಿದಾಡಿಕೊಂಡು ಬಂದು ಅಪ್ಪನಿಗೆ ಹೇಳಿದೆ.

"ಮಧ್ಯಾಹ್ನ ಹೋಗಿದ್ಯಾ? ಸಂಜೆ ಇನ್ನೊಂದ್ಸಲ ಹೋಗು. ಮನುಷ್ಯರ ಹಾಗೇ, ಕಟ್ಟಡಕ್ಕೂ ಸಂಜೆ ಬೇರೆ ಗುಣ ಇರುತ್ತೆ."

ಮಾರ್ಚ್ 7, ಸಂಜೆ

ಹೋದೆ. ಮೇಲ್ಗಡೆ ಜಿಮ್! ಮಧ್ಯಾಹ್ನ ಬೀಗ ಹಾಕಿತ್ತು, ಅದಕ್ಕೇ ಗೊತ್ತಾಗಲಿಲ್ಲ. ಯಾರೋ ಪುಣ್ಯಾತ್ಮ ಧಡ್ ಎಂದು ಭಾರ ಕೆಡವಿದ. ಸೂಜಿ ಹಾರಿತು. ಕೊಳಲಿಗೆ ಬಿಕ್ಕಳಿಕೆ.

ತಮ್ಮ ಫೋನಿನಲ್ಲಿ ಬಿದ್ದು ಬಿದ್ದು ನಕ್ಕ. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಅಕ್ಕಾ, ನಿನಗೆ ಯಾವ ನೆಲಾನೂ ಆಗಲ್ಲ ಬಿಡು." ನನಗೂ ನಗು ಬಂತು. ಫೋನ್ ಇಟ್ಟ ಮೇಲೆ ಕೋಪ ಬಂತು.

ಮಾರ್ಚ್ 12

ತಮ್ಮನೇ ಹುಡುಕಿದ ಜಾಗ. ಮೂಲೆ ಅಂಗಡಿ, ಎರಡು ಕಡೆ ಗಾಜು. "ರಸ್ತೆಯಿಂದ ನೋಡೇ ಜನ ಒಳಗೆ ಬರ್ತಾರೆ ಅಕ್ಕಾ." ಗೀರು ಬಿದ್ದು ಯಾರಿಗೂ ಬೇಡವಾದ ಒಂದು ರೆಕಾರ್ಡನ್ನು ಪಶ್ಚಿಮದ ಗಾಜಿನ ಹತ್ತಿರ ಇಟ್ಟು ಬಂದೆ. ಸಂಜೆ ಇಬ್ಬರೂ ಹೋದೆವು. ಬಿಸಿಲಿಗೆ ಅಂಚು ಮೇಲೆದ್ದು ಬಟ್ಟಲಿನ ಹಾಗೆ ಆಗಿತ್ತು.

"ಪರದೆ ಹಾಕೋಣ."

"ಪರದೆ ಹಾಕೋದಾದ್ರೆ ಗಾಜು ಯಾಕೋ?"

ಮುಖ ಊದಿಸಿಕೊಂಡು ಹೋದ. ಎಲ್ಲಿಗೆ ಹೋಗ್ತಾನೆ, ಬರ್ತಾನೆ.

ಮಾರ್ಚ್ 19

ಸಿಕ್ಕಿತು. ಕನ್ನಡಕದ ಅಂಗಡಿಯ ಮೇಲೆ. ಉತ್ತರಕ್ಕೆ ಕಿಟಕಿ, ಕಲ್ಲಿನ ನೆಲ. ಬೆಳಿಗ್ಗೆ ಹೋದೆ, ಮಧ್ಯಾಹ್ನ ಹೋದೆ, ಸಂಜೆಯೂ ಹೋದೆ. ಕೆಳಗೆ ಲಾರಿ ಹೋದರೂ ಸೂಜಿ ಅಲುಗಲಿಲ್ಲ. ತಮ್ಮ ಕೂಡ ಚಕ್ಕಂಬಕ್ಕಲ ಹಾಕಿ ಕೂತು ಕೇಳಿದ. "ಇದೇ ಅಕ್ಕಾ," ಎಂದ. ಇದೇ. ಆದರೆ ಮೆಟ್ಟಿಲು...

ಅಪ್ಪ ಫುಟ್‌ಪಾತ್ ಹತ್ತಬೇಕಾದರೂ ಮಂಡಿ ನೋವಿಗೆ ನನ್ನ ಭುಜ ಹಿಡಿಯುತ್ತಾರೆ. ಬೇಡ ಎಂದುಬಿಟ್ಟೆ. ಅಪ್ಪನಿಗೆ, ಜಾಗ ಸರಿಯಿಲ್ಲ ಎಂದೆ.

ಮಾರ್ಚ್ 25

ನೆಲಮಾಳಿಗೆ ನೋಡಿದೆ. ಬಡಗಿಯ ಪಕ್ಕದ ಶೆಡ್ ನೋಡಿದೆ. ಕಾಲು ಸವೆದವು. ಹೋಲ್‌ಸೇಲ್‌ನವನು ನಾಳಿದ್ದು ಲಾರಿ ತರುತ್ತಾನಂತೆ.

ತಮ್ಮ ತಡೆಯಲಾರದೆ ಅಪ್ಪನಿಗೆ ಕನ್ನಡಕದ ಅಂಗಡಿ ಮೇಲಿನ ಜಾಗದ ವಿಷಯವೆಲ್ಲ ಹೇಳಿಬಿಟ್ಟ. ಅಪ್ಪ ಕೆಂಡವಾದರು.

"ನಾನೇನು ಮಂಡಿ ಮೇಲೆ ಅಂಗಡಿ ಕಟ್ಟಿದ್ನಾ? ನನ್ನ ನೆಪ ಮಾಡ್ಕೊಂಡು ಅದನ್ನ ಮುಚ್ಚಬೇಡ."

"ನಿಮ್ಮನ್ನ ಮನೇಲಿ ಕೂರಿಸಿ ನಾನು ಯಾವ ಅಂಗಡಿ ತೆರೀಲಿ ಅಪ್ಪಾ?"

ಅತ್ತುಬಿಟ್ಟೆ. ಆಮೇಲೆ ಅಪ್ಪ, "ಮೊದಲು ಆ ಮೆಟ್ಟಿಲು ತೋರಿಸು," ಎಂದರು.

ಮಾರ್ಚ್ 26

ಅಪ್ಪ ಕಂಬಿ ಹಿಡಿದು ಹತ್ತಿದರು. ಒಂದು ಮೆಟ್ಟಿಲು, ಒಂದು ನಿಟ್ಟುಸಿರು. ಮಧ್ಯದಲ್ಲಿ ಮೆಟ್ಟಿಲು ತಿರುಗುವಲ್ಲಿ ಅಗಲವಾದ ಜಾಗ, ಒಂದು ಕಿಟಕಿ. ಅಲ್ಲಿ ನಿಂತುಬಿಟ್ಟರು. ಮುಖವೆಲ್ಲ ಬೆವರು.

"ಸಾಕಪ್ಪಾ, ವಾಪಸ್ ಹೋಗೋಣ."

"ಸುಮ್ನಿರು. ಮೇಲೆ ಹೋಗಿ ಹಾಕು."

ಹಾಕಿದೆ. ಬಾಗಿಲಿಗೆ ಬಂದು ಇಣುಕಿದೆ. ಅಪ್ಪ ಕಿಟಕಿಯ ಕೆಳಗೆ ಕೂತಿದ್ದರು, ಕಣ್ಣು ಮುಚ್ಚಿ. ಅದೇ ನೋವಿನ ಮಂಡಿಯ ಮೇಲೆ ಬೆರಳು ತಾಳ ಹಾಕುತ್ತಿತ್ತು. ಒಂದು ಬದಿ ಪೂರ್ತಿ ಕೇಳಿದರು.

"ಕುರ್ಚಿ ಇಲ್ಲೇ ಹಾಕು. ಕೌಂಟರ್ ಹತ್ರಕ್ಕಿಂತ ಇಲ್ಲೇ ಚೆನ್ನಾಗಿ ಕೇಳುತ್ತೆ. ಹತ್ತೋರೆಲ್ಲ ನನ್ನ ದಾಟ್ಕೊಂಡೇ ಹೋಗ್ಬೇಕು, ನೋಡ್ತೀನಿ ಯಾರು ತಪ್ಪಿಸ್ಕೊಳ್ತಾರೆ ಅಂತ."

ತಮ್ಮ ಅಲ್ಲೇ ನಿಂತು ಹೋಲ್‌ಸೇಲ್‌ನವನಿಗೆ ಫೋನ್ ಮಾಡಿ ಬೇಡ ಎಂದ. ಬೀಗ ತೆಗೆಯಲು ಬಂದಿದ್ದ ಬ್ರೋಕರ್ ತಲೆ ಕೆರೆದುಕೊಂಡ. "ಬಾಗಿಲು ಸ್ವಲ್ಪ ಕಿರಿದು ಮೇಡಂ..."

"ಪರವಾಗಿಲ್ಲ," ಎಂದೆ.

ಏಪ್ರಿಲ್ 4, ಬೆಳಿಗ್ಗೆ

ಶೆಲ್ಫ್ ಇನ್ನೂ ಅರ್ಧ. ಧೂಳೋ ಧೂಳು. ಅಪ್ಪ ನನ್ನ ಕೈ ತಳ್ಳಿ ತಾವೇ ಹತ್ತಿ ಕುರ್ಚಿಯಲ್ಲಿ ಕೂತಿದ್ದಾರೆ. ತಮ್ಮ ಕೆಳಗೆ ಬೋರ್ಡಿಗೆ ಮೊಳೆ ಹೊಡೆಯುತ್ತಿದ್ದಾನೆ. ಮೆಟ್ಟಿಲ ಮೇಲೆ ಗುರುತಿಲ್ಲದ ಹೆಜ್ಜೆ. ತಿರುವಿನಲ್ಲಿ ನಿಂತಿತು. ಅಪ್ಪನ ದನಿ: "ಮೇಲೆ ಹೋಗಿ. ಪೂರ್ತಿ ಕೇಳಿ, ಆಮೇಲೆ..."

ಬರುತ್ತಿದ್ದಾರೆ. ಅಯ್ಯೋ, ಕೊಳಲಿನ ರೆಕಾರ್ಡ್ ಎಲ್ಲಿಟ್ಟೆ —